ಎಕ್ಸಲರೇಟರ್ ಒತ್ತಿದಷ್ಟೂ ಏರುವ ಸಿಳ್ಳೆ: ಡೈನಮೋ ಬದಲಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನಮಸ್ಕಾರ ಸಾರ್. ನಾನು ತಿಪಟೂರಿನವನು, ಕೊಬ್ಬರಿ ವ್ಯಾಪಾರ. ವಾರಕ್ಕೆ ಮೂರು ದಿನ ತುಮಕೂರಿಗೆ ಓಡಾಟ ಇದೆ. ನನ್ನದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಾಲ್ಕು ತಿಂಗಳ ಹಿಂದೆ ಆಂಡ್ರಾಯ್ಡ್ ಸ್ಟೀರಿಯೋ, ನಾಲ್ಕು ಚಾನೆಲ್ ಆಂಪ್ಲಿಫೈಯರ್, ಒಂದು ವೂಫರ್ ಹಾಕಿಸಿದೆ. ಅವತ್ತಿನಿಂದ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಸ್ಪೀಕರ್‌ನಲ್ಲಿ ಕುಂಯ್ ಅಂತ ಸಣ್ಣ ಸಿಳ್ಳೆ. ಎಕ್ಸಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ವಾಲ್ಯೂಮ್ ಸೊನ್ನೆ ಮಾಡಿದರೂ ಹೋಗಲ್ಲ. ಗುಬ್ಬಿ ತಲುಪುವಷ್ಟರಲ್ಲಿ ತಲೆನೋವು ಬರುತ್ತದೆ. ಅಂಗಡಿಯವರು ಒಂದು ನಾಯ್ಸ್ ಫಿಲ್ಟರ್ ಹಾಕಿದರು, ಆಮೇಲೆ ಇನ್ನೊಂದು ಹಾಕಿದರು. ಚೂರೂ ಕಮ್ಮಿ ಆಗಲಿಲ್ಲ. ಈಗ ಗ್ಯಾರೇಜಿನವರು ಡೈನಮೋ ಹೋಗಿದೆ, ಬದಲಿಸಿ ಅಂತಾರೆ. ಗೆಳೆಯರೊಬ್ಬರು ಅರ್ತಿಂಗ್‌ಗೆ ಅಂತ ಕಾರಿನ ಕೆಳಗೆ ನೆಲಕ್ಕೆ ತಾಗುವ ಹಾಗೆ ಚೈನ್ ಕಟ್ಟಿ ಅಂದರು. ಫೋನ್ ಚಾರ್ಜಿಗೆ ಹಾಕಿ ಆಕ್ಸ್ ವೈರಿನಲ್ಲಿ ಹಾಡು ಕೇಳಿದರೆ ಬೇರೆ ಥರದ ಗೊರಗೊರ. ಎಫ್‌ಎಂನಲ್ಲಿ ಚರಚರ. ವೈರಿಂಗ್ ಸುಟ್ಟು ಬೆಂಕಿ ಹೊತ್ತಿಕೊಂಡರೆ ಅಂತ ಮನೆಯವರಿಗೆ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಒಂದೇ ಮಾತು. ವಾಲ್ಯೂಮ್ ಸೊನ್ನೆ ಮಾಡಿದರೂ ಸಿಳ್ಳೆ ಹಾಗೇ ಇದೆ ಅಂದಿದ್ದೀರಿ. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆ ಸದ್ದು ಫೋನಿನಿಂದಲೋ ಪೆನ್‌ಡ್ರೈವಿನಿಂದಲೋ ಸ್ಟೀರಿಯೋ ಒಳಗೆ ಬಂದಿದ್ದರೆ, ವಾಲ್ಯೂಮ್ ತಗ್ಗಿಸಿದಾಗ ಹಾಡಿನ ಜೊತೆ ಅದೂ ತಗ್ಗಬೇಕಿತ್ತು. ತಗ್ಗಿಲ್ಲ. ಅಂದರೆ ವಾಲ್ಯೂಮ್ ದಾಟಿದ ಮೇಲೆ ಸೇರಿಕೊಳ್ಳುತ್ತಿದೆ. ಸ್ಟೀರಿಯೋ ಹಿಂಭಾಗದಿಂದ ಡಿಕ್ಕಿಯಲ್ಲಿರುವ ಆಂಪ್‌ವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ.

ತುಮಕೂರಿನಲ್ಲಿ ಕಾರಿನ ವೈರಿಂಗ್ ಮತ್ತು ಆಡಿಯೋ ಕೆಲಸ ಶುರು ಮಾಡಿ ನನಗೆ 19 ವರ್ಷ ಆಯಿತು. ಎಂಜಿನ್ ಜೊತೆ ಏರಿಳಿಯುವ ಸಿಳ್ಳೆ ಅಂತ ಬಂದ ಕಾರುಗಳಲ್ಲಿ ನಾನು ಜಾಸ್ತಿ ಕಂಡಿದ್ದು ಅರ್ತಿಂಗ್ ತಪ್ಪು. ಡೈನಮೋ ನಿಜವಾಗಿ ಕೆಟ್ಟಿದ್ದು ತೀರಾ ಕಮ್ಮಿ. ಹಾಗಾಗಿ ಸದ್ದು ಯಾವ ಬಾಗಿಲಿನಿಂದ ಒಳಗೆ ಬರುತ್ತಿದೆ ಅಂತ ಗೊತ್ತಾಗುವವರೆಗೆ ದಯವಿಟ್ಟು ಯಾವ ಸಾಮಾನನ್ನೂ ಕೊಳ್ಳಬೇಡಿ. ಎರಡು ಫಿಲ್ಟರ್‌ಗೆ ಕೊಟ್ಟ ದುಡ್ಡು ಹೋಗಿದ್ದು ಇದೇ ಕಾರಣಕ್ಕೆ.

ಡೈನಮೋ ಮೇಲೆ ಅನುಮಾನ ಬರೋದು ಸಹಜ, ಯಾಕೆಂದರೆ ಸಿಳ್ಳೆ ಹುಟ್ಟುವುದು ಅಲ್ಲೇ. ನಾವು ಡೈನಮೋ ಅನ್ನುವುದು ಅಸಲಿಗೆ ಆಲ್ಟರ್ನೇಟರ್. ಅದರೊಳಗೆ ಹುಟ್ಟುವುದು ಮೂರು ಫೇಸಿನ ಎಸಿ ಕರೆಂಟು. ಡಯೋಡುಗಳು ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತವೆ. ಆದರೆ ಪೂರ್ತಿ ನಯವಾದ ಡಿಸಿ ಬರುವುದಿಲ್ಲ, ಮೇಲೆ ಸಣ್ಣ ಅಲೆ ಉಳಿದೇ ಇರುತ್ತದೆ. ಕಾರುಗಳಲ್ಲಿ ಸಾಮಾನ್ಯವಾಗಿರುವ 12 ಪೋಲಿನ, ಅಂದರೆ 12 ಅಯಸ್ಕಾಂತ ಧ್ರುವದ ಆಲ್ಟರ್ನೇಟರ್ ಒಂದು ಸುತ್ತು ತಿರುಗಿದರೆ 36 ಅಲೆ. ಎಂಜಿನ್ 800 ಆರ್‌ಪಿಎಂನಲ್ಲಿ ಸುಮ್ನೆ ನಿಂತಿದೆ, ಬೆಲ್ಟ್ ಪುಲ್ಲಿಯಿಂದ ಆಲ್ಟರ್ನೇಟರ್ ಅದರ ಎರಡೂವರೆ ಪಟ್ಟು ತಿರುಗುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 1,200 ಅಲೆ ಆಯಿತು. ಎಂಜಿನ್ 3,000ಕ್ಕೆ ಹೋದರೆ 4,500. ನಮ್ಮ ಕಿವಿ ತುಂಬಾ ಚುರುಕಾಗಿರುವುದು ಹೆಚ್ಚುಕಮ್ಮಿ ಈ ಮಟ್ಟದಲ್ಲೇ. ಅದಕ್ಕೇ ಸಿಳ್ಳೆ ಸಣ್ಣದಾದರೂ ತಲೆ ಕೊರೆಯುತ್ತದೆ. ನಿಮ್ಮ ತಲೆನೋವು ಸುಳ್ಳಲ್ಲ.

ಈ ಅಲೆ ಎಲ್ಲ ಕಾರಿನಲ್ಲೂ ಇದೆ. ನಿನ್ನೆ ಶೋರೂಮಿನಿಂದ ಬಂದ ಕಾರಿನಲ್ಲೂ ಇದೆ. ಅದು ಸ್ಪೀಕರ್‌ವರೆಗೆ ಯಾಕೆ ಬರುತ್ತಿದೆ ಅನ್ನುವುದನ್ನು ಹುಡುಕಬೇಕು.

ಡೈನಮೋ ಚೆನ್ನಾಗಿದೆಯಾ ಅಂತ ಒಂದು ಮಲ್ಟಿಮೀಟರ್ ಇದ್ದರೆ ನೀವೇ ನೋಡಬಹುದು. ಎಂಜಿನ್ ಆಫ್ ಇದ್ದಾಗ ಬ್ಯಾಟರಿ ಮೇಲೆ 12.4ರಿಂದ 12.7 ವೋಲ್ಟ್ ಇರಬೇಕು. ಸ್ಟಾರ್ಟ್ ಮಾಡಿದ ಮೇಲೆ ಸುಮಾರು 13.8ರಿಂದ 14.4. ಆಮೇಲೆ ಹೆಡ್‌ಲೈಟ್, ಏರ್ ಕಂಡಿಷನರ್ ಆನ್ ಮಾಡಿ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಅದೇ ಬ್ಯಾಟರಿ ಟರ್ಮಿನಲ್ ಮೇಲೆ ಹಿಡಿಯಿರಿ. 0.1 ವೋಲ್ಟಿಗಿಂತ ಕಮ್ಮಿ ಬಂದರೆ ಡಯೋಡ್ ಚೆನ್ನಾಗಿವೆ. 0.5 ದಾಟಿದರೆ ಆಗ ಗ್ಯಾರೇಜಿನವರ ಮಾತು ನಿಜ ಇರಬಹುದು. ಇಲ್ಲೊಂದು ಎಚ್ಚರಿಕೆ. ಅಗ್ಗದ ಮೀಟರುಗಳಲ್ಲಿ ಕೆಲವು ಎಸಿಗೆ ಹಾಕಿದರೂ ಡಿಸಿಯನ್ನೇ ಓದಿ 27, 28 ಅಂತ ತೋರಿಸುತ್ತವೆ. ಗಾಬರಿ ಆಗಬೇಡಿ. ಕೆಂಪು, ಕಪ್ಪು ವೈರನ್ನು ಅದಲು ಬದಲು ಮಾಡಿ ಹಿಡಿಯಿರಿ. ಸೊನ್ನೆ ಬಂದರೆ ಆ ಮೀಟರ್ ಈ ಕೆಲಸಕ್ಕೆ ಆಗುವುದಿಲ್ಲ, ಬೇರೆ ತನ್ನಿ.

ಒಂದು ಮಾತ್ರ ಯಾರು ಹೇಳಿದರೂ ಮಾಡಬೇಡಿ, ಮಾಡಲು ಬಿಡಲೂಬೇಡಿ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ಗಾಡಿ ಆಫ್ ಆಗದಿದ್ದರೆ ಡೈನಮೋ ಚೆನ್ನಾಗಿದೆ ಅನ್ನುವ ಪರೀಕ್ಷೆ ಇನ್ನೂ ಕೆಲವು ಕಡೆ ನಡೆಯುತ್ತಿದೆ. ಹಳೆಯ ಗಾಡಿಗಳಿಗೆ ಅದು ನಡೆಯಿತು. ಈಗಿನ ಕಾರಿನಲ್ಲಿ ಟರ್ಮಿನಲ್ ಕಿತ್ತ ಕ್ಷಣ ವೋಲ್ಟೇಜು ಹತ್ತಾರು ವೋಲ್ಟಿಗೆ ಹಾರುತ್ತದೆ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ಸುಟ್ಟರೆ ಡೈನಮೋಗಿಂತ ದೊಡ್ಡ ಖರ್ಚು.

ಈಗ ಅರ್ತಿಂಗ್‌ಗೆ ಬರೋಣ. ಚೈನಿನ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ತೋಟದ ಪಂಪ್‌ಸೆಟ್‌ಗೆ ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿ ಅರ್ತ್ ಮಾಡುತ್ತೀವಲ್ಲ, ಆ ಅರ್ತ್ ಬೇರೆ. ಕಾರಿನ ಅರ್ತ್ ಅಂದರೆ ಮಣ್ಣಲ್ಲ, ಕಾರಿನ ಬಾಡಿ. ಬ್ಯಾಟರಿಯ ಮೈನಸ್ ತಗಡಿಗೆ ಕೂತಿರುತ್ತದೆ, ಎಲ್ಲ ಕರೆಂಟೂ ಆ ತಗಡಿನ ಮೂಲಕ ವಾಪಸ್ ಬರುತ್ತದೆ. ಚೈನ್ ಕಟ್ಟಿ ನೆಲಕ್ಕೆ ತಾಗಿಸಿದರೆ ಈ ಸಿಳ್ಳೆಗೆ ಏನೂ ಆಗುವುದಿಲ್ಲ.

ತಪ್ಪು ಹೇಗಾಗುತ್ತದೆ ಅಂತ ಹೇಳುತ್ತೇನೆ. ಆಂಪ್‌ನಿಂದ ಕರೆಂಟು ವಾಪಸ್ ಹೋಗಲು ಒಂದು ದೊಡ್ಡ ಕಾಲುವೆ ಇದೆ. ಅದು ಡಿಕ್ಕಿಯಲ್ಲಿ ಬಾಡಿಗೆ ಬಿಗಿದ ದಪ್ಪ ಅರ್ತ್ ವೈರು. ಪಕ್ಕದಲ್ಲೇ ಒಂದು ಸಣ್ಣ ಕಾಲುವೆಯೂ ಇದೆ. ಅದು ಸ್ಟೀರಿಯೋದಿಂದ ಆಂಪಿಗೆ ಹಾಡು ಒಯ್ಯುವ ಆರ್‌ಸಿಎ ಕೇಬಲ್ಲಿನ ಹೊರಗಿನ ಜಾಲರಿ, ಅದರ ಇನ್ನೊಂದು ತುದಿ ಸ್ಟೀರಿಯೋದ ಅರ್ತ್‌ಗೆ ಸೇರಿರುತ್ತದೆ. ದೊಡ್ಡ ಕಾಲುವೆಗೆ ಕಸ ಕಟ್ಟಿಕೊಂಡರೆ ನೀರು ಸಣ್ಣದಕ್ಕೆ ನುಗ್ಗುತ್ತದೆ ಅಲ್ವಾ? ಹಾಗೇ ಕರೆಂಟಿನ ಒಂದು ಪಾಲು ಆರ್‌ಸಿಎ ಜಾಲರಿಯೊಳಗೆ ನುಗ್ಗುತ್ತದೆ. ಹಾಡು ಹೋಗುವ ದಾರಿಯೂ ಅದೇ. ಆಲ್ಟರ್ನೇಟರ್ ಅಲೆ ಹಾಡಿನ ಜೊತೆ ಬೆರೆಯುವುದು ಅಲ್ಲಿ. ಎಷ್ಟು ಸಣ್ಣ ತಡೆ ಸಾಕು ಅಂದರೆ, ಆಂಪ್ 20 ಆಂಪಿಯರ್ ಎಳೆಯುವಾಗ ಅರ್ತ್ ಲಗ್‌ನಲ್ಲಿ (ಅರ್ತ್ ವೈರಿನ ತುದಿಗೆ ಹಾಕಿ ತಗಡಿಗೆ ಬಿಗಿಯುವ ಲೋಹದ ಬಳೆ) ಒಂದು ಓಮ್‌ನ ಇನ್ನೂರರಲ್ಲಿ ಒಂದು ಪಾಲು ತಡೆ ಇದ್ದರೂ ಅಲ್ಲಿ 0.1 ವೋಲ್ಟ್ ನಿಂತುಕೊಳ್ಳುತ್ತದೆ. ನಿಮ್ಮಂಥ ಸ್ಟೀರಿಯೋದ ಆರ್‌ಸಿಎಯಿಂದ ಹಾಡು ಬರುವುದೇ ಜೋರಾದಾಗ ಸುಮಾರು 2 ವೋಲ್ಟಿನಲ್ಲಿ.

ಹಿಂದೊಮ್ಮೆ ಶಿರಾ ಕಡೆಯಿಂದ ಒಂದು ಕಾರು ಬಂದಿತ್ತು. ನಿಮ್ಮದೇ ಕಥೆ. ಡಿಕ್ಕಿಯ ಮ್ಯಾಟ್ ಎತ್ತಿದರೆ ಅರ್ತ್ ಲಗ್ ಬಾಡಿ ಮೇಲೆ ಬಿಗಿಯಾಗಿಯೇ ಕೂತಿತ್ತು, ಕೈಗೆ ಅಲುಗುತ್ತಿರಲಿಲ್ಲ. ನೋಡಿದವರಿಗೆ ತಪ್ಪೇ ಕಾಣದು. ಮಾಲೀಕರನ್ನು ಸ್ಟೀರಿಂಗ್ ಮುಂದೆ ಕೂರಿಸಿ ಎಂಜಿನ್ ಏರಿಸಲು ಹೇಳಿದೆ. ಜಂಪರ್ ಕೇಬಲ್ಲಿನ ಒಂದು ತುದಿ ಆಂಪಿನ ಅರ್ತ್ ಟರ್ಮಿನಲ್ಲಿಗೆ ಕಚ್ಚಿಸಿ, ಇನ್ನೊಂದನ್ನು ಡಿಕ್ಕಿ ಲಾಕ್ ಸಿಕ್ಕಿಕೊಳ್ಳುವ ಕಬ್ಬಿಣದ ಕೊಂಡಿಗೆ ಮುಟ್ಟಿಸಿದೆ. ಸಿಳ್ಳೆ ಕತ್ತರಿಸಿದ ಹಾಗೆ ನಿಂತಿತು. ತೆಗೆದರೆ ಮತ್ತೆ ಬಂತು. ಅವರು ಹಿಂದಕ್ಕೆ ತಿರುಗಿ ನೋಡಿದ ಮುಖ ಇನ್ನೂ ನೆನಪಿದೆ. ಲಗ್ ಬಿಚ್ಚಿದೆ. ಸ್ಕ್ರೂ ಹೋದ ತೂತಿನ ಅಂಚಲ್ಲಿ ಮಾತ್ರ ಲೋಹ ಹೊಳೆಯುತ್ತಿತ್ತು. ಸುತ್ತ ಪೂರ್ತಿ ಬಿಳಿ ಪೇಂಟು. ಎಮರಿ ಪೇಪರಿನಲ್ಲಿ ಉಜ್ಜಿದರೆ ಮೊದಲು ಬಿಳಿ, ಆಮೇಲೆ ಬೂದು ಪ್ರೈಮರ್, ಕೊನೆಗೆ ಬೆಳ್ಳಿಯ ಥರ ತಗಡು. ನಾಲ್ಕಾಣೆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಜಾಗ ಉಜ್ಜಿ, ಹಲ್ಲಿನ ವಾಷರ್ ಹಾಕಿ, ಬೋಲ್ಟಿನಲ್ಲಿ ಬಿಗಿದು, ತುಕ್ಕು ಹಿಡಿಯದ ಹಾಗೆ ಮೇಲಿಂದ ಗ್ರೀಸ್ ಹಚ್ಚಿದೆ. ಖರ್ಚಾಗಿದ್ದು ಒಂದು ಬೋಲ್ಟು, ಅರ್ಧ ಗಂಟೆ.

ನಿಮ್ಮ ಕಾರಿನಲ್ಲೂ ಮೊದಲು ಇದನ್ನೇ ನೋಡಿಸಿ. ಮೀಟರನ್ನು ಡಿಸಿಯ 2 ವೋಲ್ಟ್ ರೇಂಜಿಗೆ ಹಾಕಿ. ಉದ್ದನೆಯ ವೈರು ಜೋಡಿಸಿ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಆಂಪಿನ ಅರ್ತ್ ಟರ್ಮಿನಲ್ಲಿಗೆ ಹಿಡಿಯಿರಿ. ಎಂಜಿನ್ ಓಡುತ್ತಿರಲಿ, ಹಾಡು ಜೋರಾಗಿರಲಿ. 0.1 ವೋಲ್ಟ್ ಒಳಗಿದ್ದರೆ ಅರ್ತ್ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ತಪ್ಪು ಅಲ್ಲಿದೆ. ಓಮ್ ರೇಂಜಿನಲ್ಲಿ ಅಳೆದು ಸರಿ ಇದೆ ಅಂತ ಯಾರಾದರೂ ತೋರಿಸಿದರೆ ನಂಬಬೇಡಿ. ಮೀಟರಿನ ವೈರಿನ ತಡೆಯೇ ಅದಕ್ಕಿಂತ ಜಾಸ್ತಿ ಇರುತ್ತದೆ.

ಅರ್ತ್ ಹೊಸದಾಗಿ ಮಾಡಿಸುವಾಗ ಎರಡು ಜಾಗ ಬೇಡ. ಸೀಟ್ ಬೆಲ್ಟಿನ ಬೋಲ್ಟು ಸುಲಭಕ್ಕೆ ಸಿಗುತ್ತದೆ ಅಂತ ಅಲ್ಲಿಗೆ ಲಗ್ ಸಿಕ್ಕಿಸುವವರಿದ್ದಾರೆ. ಅಪಘಾತದಲ್ಲಿ ನಿಮ್ಮನ್ನು ಹಿಡಿಯಬೇಕಾದ ಬೋಲ್ಟು ಅದು, ಮುಟ್ಟಬಾರದು. ಹಿಂದಿನ ಸೀಟಿನ ಕೆಳಗೆ ಹೊಸ ತೂತು ಕೊರೆಯುವುದೂ ಬೇಡ. ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಟ್ಯಾಂಕ್ ಇರುವುದು ಅಲ್ಲೇ. ಎಲ್ಲೇ ಕೊರೆದರೂ ಅಡಿಯಲ್ಲಿ ಏನಿದೆ ಅಂತ ಬಗ್ಗಿ ನೋಡಿ ಕೊರೆಯಬೇಕು.

ಇಷ್ಟು ಮಾಡಿದ ಮೇಲೂ ಸಿಳ್ಳೆ ಇದ್ದರೆ ಒಂದೊಂದನ್ನೇ ಬಿಡಿಸಿ ಕೇಳಬೇಕು. ಸ್ಟೀರಿಯೋ ಪೂರ್ತಿ ಆಫ್ ಮಾಡಿ, ಆಂಪಿನಿಂದ ಆರ್‌ಸಿಎ ಕೇಬಲ್ ಎಳೆಯಿರಿ. ಆನ್ ಇದ್ದಾಗ ಎಳೆಯಬೇಡಿ, ಕಾರಣ ಮುಂದೆ ಹೇಳುತ್ತೇನೆ. ಮತ್ತೆ ಆನ್ ಮಾಡಿ ಎಂಜಿನ್ ಏರಿಸಿ. ಆರ್‌ಸಿಎ ಇಲ್ಲದೆಯೂ ಸಿಳ್ಳೆ ಇದ್ದರೆ ತಪ್ಪು ಆಂಪಿನಲ್ಲೋ, ಅದರ ಪವರ್ ವೈರಿನಲ್ಲೋ, ಸ್ಪೀಕರ್ ವೈರು ಎಲ್ಲಾದರೂ ಬಾಡಿಗೆ ತಾಗಿರುವುದರಲ್ಲೋ ಇದೆ. ನಿಂತರೆ, ಒಂದು ಫೋನನ್ನು ಚಾರ್ಜಿಗೆ ಹಾಕದೆ ನೇರ ಆಂಪಿನ ಆರ್‌ಸಿಎಗೆ ಕೊಡಿ. ಇಯರ್‌ಫೋನ್ ತೂತಿನಿಂದ ಆರ್‌ಸಿಎಗೆ ಹೋಗುವ ವೈರು ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ವಾಲ್ಯೂಮ್ ತೀರಾ ಕಮ್ಮಿಯಿಂದ ಶುರು ಮಾಡಿ. ಫೋನಿನಿಂದ ಹಾಡು ಶುದ್ಧವಾಗಿ ಬಂದರೆ ಆಂಪ್, ಸ್ಪೀಕರ್ ಎರಡೂ ಚೆನ್ನಾಗಿವೆ. ಉಳಿದಿದ್ದು ಕೇಬಲ್ ಮತ್ತು ಸ್ಟೀರಿಯೋ.

ಕೇಬಲ್ ನೋಡಲು ಇನ್ನೊಂದು ಆರ್‌ಸಿಎಯನ್ನು ಸೀಟಿನ ಮೇಲಿಂದಲೇ ಎಳೆದು ಜೋಡಿಸಿ ನೋಡಿ. ಆರ್‌ಸಿಎ ಮತ್ತು ಪವರ್ ವೈರು ಒಂದೇ ಕಡೆ ಹೋದರೆ ಸಿಳ್ಳೆ ಬಂದೇ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬೇರೆ ಬೇರೆ ಕಡೆ ಎಳೆಯುವುದು ಒಳ್ಳೆಯದು, ನಾನೂ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ಎಳೆಯುತ್ತೇನೆ. ಆದರೆ ಅರ್ತ್ ನೋಡದೆ ಇದೊಂದಕ್ಕೇ ಇಡೀ ಕಾರ್ಪೆಟ್ ಬಿಚ್ಚಿಸಬೇಡಿ.

ಸ್ಟೀರಿಯೋ ವಿಚಾರ ಸ್ವಲ್ಪ ಸೂಕ್ಷ್ಮ. ಆರ್‌ಸಿಎಯ ಹೊರ ಜಾಲರಿ ಸ್ಟೀರಿಯೋ ಒಳಗೆ ಅರ್ತ್‌ಗೆ ಸೇರುವ ದಾರಿಯಲ್ಲಿ ಕೆಲವು ಸೆಟ್‌ಗಳಲ್ಲಿ ಅಕ್ಕಿಕಾಳಿಗಿಂತ ಸಣ್ಣ ಫ್ಯೂಸ್ ಇರುತ್ತದೆ. ಆಂಪಿನ ಅರ್ತ್ ಸಡಿಲ ಇದ್ದಾಗ, ಅಥವಾ ಆನ್ ಇರುವಾಗ ಆರ್‌ಸಿಎ ಎಳೆದು ಸಿಕ್ಕಿಸಿದಾಗ ಅದು ಸುಟ್ಟುಹೋಗಬಹುದು. ಸುಟ್ಟ ಕ್ಷಣದಿಂದ ಸಿಳ್ಳೆ. ಪತ್ತೆ ಹಚ್ಚುವುದು ಸುಲಭ. ಸ್ಟೀರಿಯೋ ಹೊರಗೆಳೆದು, ಒಂದು ತುಂಡು ವೈರಿನ ಒಂದು ತುದಿಯನ್ನು ಆರ್‌ಸಿಎಯ ಹೊರಗಿನ ಬಳೆಗೂ, ಇನ್ನೊಂದನ್ನು ಸ್ಟೀರಿಯೋದ ಲೋಹದ ಮೈಗೂ ಮುಟ್ಟಿಸಿ. ಸಿಳ್ಳೆ ನಿಂತರೆ ಫ್ಯೂಸ್ ಹೋಗಿದೆ ಅಂತಲೇ ಅರ್ಥ. ರಿಪೇರಿ ಬಲ್ಲವರು ಅದನ್ನು ಬದಲಿಸಿ ಕೊಡುತ್ತಾರೆ. ಹೊರಗಿನಿಂದ ವೈರು ಸುತ್ತಿಯೂ ಬಿಡಬಹುದು, ಆದರೆ ಆಂಪಿನ ಅರ್ತ್ ಮುಂದೆ ಯಾವಾಗಲಾದರೂ ಸಡಿಲವಾದರೆ ಆ ಕರೆಂಟೆಲ್ಲ ಸ್ಟೀರಿಯೋ ಮೂಲಕ ಹರಿದು ಬೋರ್ಡೇ ಸುಡುತ್ತದೆ. ಆ ಅಪಾಯ ತಿಳಿದೇ ಮಾಡಬೇಕು. ಜೊತೆಗೆ ಸ್ಟೀರಿಯೋದ ಕಪ್ಪು ಅರ್ತ್ ವೈರನ್ನು ಕಾರಿನ ಹಳೆಯ ತೆಳು ವೈರಿಗೆ ಜೋಡಿಸಿದ್ದರೆ, ಡ್ಯಾಶ್‌ಬೋರ್ಡ್ ಹಿಂದಿನ ತಗಡಿಗೆ ಬೇರೆಯಾಗಿ ಕೊಡಿಸಿ ನೋಡಿ.

ಇನ್ನು ಗೇನ್. ಆಂಪಿನ ಮೇಲಿರುವ ಆ ಸಣ್ಣ ತಿರುಗಣೆ ವಾಲ್ಯೂಮ್ ಅಲ್ಲ, ಬರುವ ಸಿಗ್ನಲ್‌ಗೆ ತಕ್ಕ ಹಾಗೆ ಹೊಂದಿಸುವುದು. ಜೋರಾಗಿ ಕೇಳಲಿ ಅಂತ ಅದನ್ನು ಕೊನೆಯವರೆಗೆ ತಿರುಗಿಸಿಬಿಟ್ಟಿರುತ್ತಾರೆ. ಕೊನೆಯಲ್ಲಿ ಅದು 0.2 ವೋಲ್ಟಿಗೇ ಪೂರ್ತಿ ಕೂಗುತ್ತದೆ, ಆಗ ಎಲ್ಲಿಯ ಸಣ್ಣ ಗದ್ದಲವೂ ದೊಡ್ಡದಾಗುತ್ತದೆ. ಗೇನ್ ಪೂರ್ತಿ ಇಳಿಸಿ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗಿಡಿ. ನಿಮಗೆ ಬೇಕಾದಷ್ಟು ಜೋರಾಗುವವರೆಗೆ ಮಾತ್ರ ಗೇನ್ ಏರಿಸಿ. ಎಷ್ಟೋ ಕಾರುಗಳಲ್ಲಿ ಸಿಳ್ಳೆ ಇದರಲ್ಲೇ ಅರ್ಧಕ್ಕಿಳಿದಿದೆ. ಆದರೆ ಅರ್ತ್ ತಪ್ಪನ್ನು ಇದು ಸರಿ ಮಾಡುವುದಿಲ್ಲ.

ನಿಮಗೆ ಹಾಕಿದ ಫಿಲ್ಟರ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಅದು ಕೂತಿರುವುದು ಪ್ಲಸ್ ವೈರಿನಲ್ಲಿ. ನಿಮ್ಮ ಕಾರಿನ ಲಕ್ಷಣ ನೋಡಿದರೆ ಸದ್ದು ಬರುತ್ತಿರುವುದು ಅರ್ತ್ ಕಡೆಯಿಂದ. ಆಂಪಿನ ಪವರ್‌ಗೆ ಹಾಕಿದ್ದರೆ ತೆಗೆಸಿಬಿಡಿ. ಸಣ್ಣ ಫಿಲ್ಟರಿನಲ್ಲಿ ದೊಡ್ಡ ಕರೆಂಟು ಹರಿದರೆ ಅದೇ ಬಿಸಿಯಾಗುತ್ತದೆ. ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಇನ್ನೊಂದು ಬರುತ್ತದೆ, ಆರ್‌ಸಿಎ ಮಧ್ಯೆ ಸಿಕ್ಕಿಸುವುದು. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಸಿಳ್ಳೆಯನ್ನು ನಿಜವಾಗಿಯೂ ನಿಲ್ಲಿಸುತ್ತದೆ. ಆದರೆ ಅಗ್ಗದ್ದು ಬೇಸ್ ತಿನ್ನುತ್ತದೆ. ವೂಫರ್‌ಗೆ ದುಡ್ಡು ಹಾಕಿದ್ದೀರಿ, ಅದನ್ನೇ ಕಳೆದುಕೊಳ್ಳುತ್ತೀರಿ. ಸಡಿಲ ಅರ್ತ್ ಕೂಡ ಹಾಗೇ ಉಳಿದುಬಿಡುತ್ತದೆ. ಎಲ್ಲ ನೋಡಿ ಮುಗಿದ ಮೇಲೆ ಕೊನೆಗೆ ಬೇಕಿದ್ದರೆ ಹಾಕಿಸಿ.

ಫೋನ್ ಚಾರ್ಜಿಗೆ ಹಾಕಿದಾಗ ಬರುವ ಗೊರಗೊರ ಬೇರೆ ರೋಗ. ಚಾರ್ಜರ್ ಒಂದು ಕಡೆಯಿಂದ ಅರ್ತ್ ತರುತ್ತದೆ, ಆಕ್ಸ್ ವೈರು ಇನ್ನೊಂದು ಕಡೆಯಿಂದ. ಅಲ್ಲಿಗೆ ಮತ್ತೊಂದು ಸುತ್ತು ಆಯಿತು. ಚಾರ್ಜರ್ ಕಿತ್ತ ತಕ್ಷಣ ಹೋದರೆ ಅದೇ. ಬ್ಲೂಟೂತ್‌ನಲ್ಲಿ ಕೇಳಿ, ತೀರಿತು. ಆಕ್ಸೇ ಬೇಕು ಅಂದರೆ ಅಲ್ಲಿಗೆ ಒಂದು ಸಣ್ಣ ಐಸೊಲೇಟರ್ ಹಾಕಿ, ಇಲ್ಲಿ ಅದಕ್ಕೆ ನನ್ನ ತಕರಾರಿಲ್ಲ.

ಎಫ್‌ಎಂ ಚರಚರಕ್ಕೂ ಮೊದಲು ಚಾರ್ಜರ್, ಡ್ಯಾಶ್‌ಕ್ಯಾಮ್, ಹೊರಗಿನಿಂದ ಹಾಕಿಸಿದ ಎಲ್‌ಇಡಿ ಬಲ್ಬುಗಳನ್ನು ಒಂದೊಂದಾಗಿ ಆಫ್ ಮಾಡಿ ಕೇಳಿ. ಇವು ಗಾಳಿಯಲ್ಲೇ ಆಂಟೆನಾಗೆ ತೊಂದರೆ ಕೊಡುತ್ತವೆ. ಸ್ಟೀರಿಯೋ ಬದಲಿಸಿದ ಮೇಲೆ ಶುರುವಾಗಿದ್ದರೆ ಆಂಟೆನಾದ ನೀಲಿ ವೈರು ಕೊಟ್ಟಿದ್ದಾರಾ ಕೇಳಿ. ಆಂಟೆನಾ ಬುಡದಲ್ಲಿ ಬೂಸ್ಟರ್ ಇರುವ ಕಾರಿಗೆ ಆ ವೈರಿನಲ್ಲಿ 12 ವೋಲ್ಟ್ ಹೋಗದಿದ್ದರೆ ಸ್ಟೇಷನ್ ಹಿಡಿಯುವುದೇ ಕಷ್ಟ. ಹಾಗೇ ನೀವು ಬೆಂಗಳೂರಿನ 102.9ರ ವಿವಿಧ ಭಾರತಿ ಹಾಕಿಕೊಂಡು ತಿಪಟೂರಿನ ಕಡೆ ಹೋಗುತ್ತಿದ್ದರೆ, ಕೆ.ಬಿ. ಕ್ರಾಸ್ ಬಳಿ ಬರುವ ಚರಚರಕ್ಕೆ ದೂರವೇ ಕಾರಣ ಇರಬಹುದು.

ಮನೆಯವರ ಭಯಕ್ಕೆ ನೇರ ಉತ್ತರ: ಸಿಳ್ಳೆಯಿಂದ ಬೆಂಕಿ ಬರುವುದಿಲ್ಲ. ಬೆಂಕಿ ಬರುವುದು ಫ್ಯೂಸ್ ಇಲ್ಲದ ಪವರ್ ವೈರಿನಿಂದ. ಬಾನೆಟ್ ಎತ್ತಿ ನೋಡಿ. ಬ್ಯಾಟರಿ ಪ್ಲಸ್‌ನಿಂದ ಆಂಪಿಗೆ ಹೋಗುವ ವೈರಿನಲ್ಲಿ 45 ಸೆಂಟಿಮೀಟರ್ ಒಳಗೆ ಒಂದು ಫ್ಯೂಸ್ ಇರಲೇಬೇಕು. ಆಂಪಿನ ಮೇಲೆ ಫ್ಯೂಸ್ ಇದೆಯಲ್ಲ ಅಂದರೆ ಸಾಲದು, ಅದು ಆಂಪನ್ನು ಕಾಯುತ್ತದೆ, ನಡುವಿನ ವೈರನ್ನಲ್ಲ. ವೈರು ಎಂಜಿನ್ ಕಡೆಯಿಂದ ತಗಡು ದಾಟಿ ಒಳಗೆ ಬರುವ ತೂತಿನಲ್ಲಿ ರಬ್ಬರ್ ಗ್ರೊಮೆಟ್ ಇದೆಯಾ ನೋಡಿ. ಇಲ್ಲದಿದ್ದರೆ ತಗಡಿನ ಅಂಚು ದಿನಾ ಸ್ವಲ್ಪ ಸ್ವಲ್ಪ ವೈರನ್ನು ಕೊರೆಯುತ್ತದೆ. ವೈರಿನ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೂ ನೋಡಿ. ಕೆಂಪಗಿನ ಮೈ ಕೆಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ, ಅದೇ ದಪ್ಪದ ತಾಮ್ರದಷ್ಟು ಕರೆಂಟು ಹೊರುವುದಿಲ್ಲ. ಅರ್ಧ ಗಂಟೆ ಜೋರಾಗಿ ಹಾಡು ಹಾಕಿ, ಗಾಡಿ ಆಫ್ ಮಾಡಿ ಅರ್ತ್ ಲಗ್ ಮತ್ತು ಫ್ಯೂಸ್ ಡಬ್ಬಿ ಮುಟ್ಟಿ ನೋಡಿ. ಕೈ ಸುಡುವಂತಿದ್ದರೆ ಸರಿಯಾಗುವವರೆಗೆ ಆ ಫ್ಯೂಸ್ ಕಿತ್ತಿಡಿ. ಆಂಪ್ ಇಲ್ಲದೆ ಕಾರು ಆರಾಮಾಗಿ ಓಡುತ್ತದೆ.

ಹಾಕಿದ ಅಂಗಡಿಗೇ ಮೊದಲು ಹೋಗಿ. ಅರ್ತ್ ಲಗ್ ಬಿಚ್ಚಿ ನಿಮ್ಮೆದುರೇ ತೋರಿಸಲು ಹೇಳಿ. ಅವರ ಕೆಲಸದ ತಪ್ಪಾಗಿದ್ದರೆ ಸರಿ ಮಾಡಿಕೊಡುವುದು ಅವರದೇ ಹೊಣೆ. ಇಷ್ಟಾದ ಮೇಲೂ ಸಿಳ್ಳೆ ಉಳಿದರೆ ನಾಲ್ಕು ಅಂಕಿ ಬರೆದು ಕಳಿಸಿ: ಎಂಜಿನ್ ಆಫ್ ಇದ್ದಾಗಿನ ವೋಲ್ಟು, ಓಡುವಾಗಿನ ವೋಲ್ಟು, ಎಸಿಯಲ್ಲಿ ಬಂದಿದ್ದು, ಆಂಪಿನ ಅರ್ತ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ಬಂದಿದ್ದು. ಆರ್‌ಸಿಎ ಎಳೆದಾಗ ಸದ್ದು ನಿಂತಿತಾ ಇಲ್ಲವಾ ಅಂತಲೂ ಬರೆಯಿರಿ.